ದೊಡ್ಡದನ್ನು ಬಿಡುವ, ಚಿಕ್ಕದನ್ನು ತಡೆಯುವ ಜರಡಿ

(ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಿಮಗೆಲ್ಲ ಗೊತ್ತಿರುವ ಒಂದು ವಿಷಯದಿಂದಲೇ ಆರಂಭಿಸುತ್ತೇನೆ. ಗೊಬ್ಬರದ ಚೀಲದ ಮೇಲೆ 'ಎನ್‌ಪಿಕೆ' ಎಂದು ಬರೆದಿರುತ್ತದೆ. ಎನ್ ಎಂದರೆ ನೈಟ್ರೋಜನ್, ಪಿ ಎಂದರೆ ಫಾಸ್ಫರಸ್, ಕೆ ಎಂದರೆ ಪೊಟ್ಯಾಸಿಯಂ. ಪೊಟ್ಯಾಸಿಯಂ ಹೆಸರಿನಲ್ಲಿ ಎಲ್ಲಿಯೂ ಇಲ್ಲದ 'ಕೆ' ಅಕ್ಷರ ಅದಕ್ಕೆ ಹೇಗೆ ಬಂತು? ಉತ್ತರ ಅರಬ್ಬಿ ಭಾಷೆಯಲ್ಲಿದೆ. ಕೆಲವು ಗಿಡಗಳನ್ನು ಸುಟ್ಟು ಬಂದ ಬೂದಿಗೆ ಅರಬ್ಬರು 'ಅಲ್-ಕಲಿ' ಎನ್ನುತ್ತಿದ್ದರು. ಆ ಮಾತಿನಿಂದ ನಮ್ಮ ಪಠ್ಯಪುಸ್ತಕದ 'ಆಲ್ಕಲಿ' ಬಂತು, 'ಕೇಲಿಯಂ' ಎಂಬ ಲ್ಯಾಟಿನ್ ಹೆಸರೂ ಬಂತು. ಕೇಲಿಯಂನ ಮೊದಲ ಅಕ್ಷರವೇ ಆ 'ಕೆ'. ಇಂಗ್ಲಿಷಿನ 'ಪೊಟ್ಯಾಷ್' ಕೂಡ ಬೂದಿಯೇ; ಮಡಕೆಯಲ್ಲಿ ಕಾಯಿಸಿ ತೆಗೆದ ಬೂದಿ ಎಂದು ಅದರ ಅರ್ಥ. 1807ರಲ್ಲಿ ಹಂಫ್ರಿ ಡೇವಿ ಇಂಗ್ಲೆಂಡಿನಲ್ಲಿ ಇದೇ ಪೊಟ್ಯಾಷಿನೊಳಗೆ ವಿದ್ಯುತ್ ಹರಿಸಿ ಮೊದಲ ಬಾರಿಗೆ ಪೊಟ್ಯಾಸಿಯಂ ಲೋಹವನ್ನು ಬೇರ್ಪಡಿಸಿದರು. ನಮ್ಮ ಅಜ್ಜಿಯರು, ದಾದಿಯರು ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವಾಗ ಜಿಡ್ಡು ಬಿಡಿಸುತ್ತಿದ್ದುದರಲ್ಲಿ ಈ ಕ್ಷಾರದ ಪಾಲೂ ಇತ್ತು.

ಅದೇ ಪೊಟ್ಯಾಸಿಯಂ ಈಗ ನೀವು ಕುಳಿತಿರುವಾಗಲೂ ನಿಮ್ಮ ಮೈಯ ಪ್ರತಿಯೊಂದು ಜೀವಕೋಶದ ಬಾಗಿಲಲ್ಲಿ ಹೋಗಿ ಬರುತ್ತಿದೆ. ನಿಮ್ಮ ಹೃದಯದ ಒಂದೊಂದು ಬಡಿತಕ್ಕೂ ಅದು ಬೇಕು. ಆ ಬಾಗಿಲು ಹೇಗೆ ಕೆಲಸ ಮಾಡುತ್ತದೆ, ಅದನ್ನು ತಿಳಿಯಲು ರಸಾಯನ ವಿಜ್ಞಾನಿಗಳು ಅಂಥದೇ ಬಾಗಿಲನ್ನು ತಮ್ಮ ಕೈಯಿಂದ ಹೇಗೆ ಕಟ್ಟಲು ಹೊರಟರು, ಅದರಲ್ಲಿ ನಮ್ಮ ಕರ್ನಾಟಕದ ಪಾಲೇನು, ನಮ್ಮ ಕೊಪ್ಪಳ ಸೀಮೆಗೆ ಅದರಿಂದ ಏನಾಗಬೇಕು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಜೀವಕೋಶವೆಂಬ ಜಲಾಶಯ

ಜೀವಕೋಶದ ಸುತ್ತ ಎಣ್ಣೆಯಂಥ ಜಿಡ್ಡಿನ ತೆಳು ಪೊರೆಯೊಂದಿದೆ. ಅದರ ಒಳಗೂ ನೀರು, ಹೊರಗೂ ನೀರು. ಆದರೆ ಎರಡೂ ನೀರು ಒಂದೇ ಅಲ್ಲ. ಒಳಗೆ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೊರಗೆ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಅಂಕಿಗಳಲ್ಲಿ ಹೇಳುವುದಾದರೆ ಒಂದು ಲೀಟರಿಗೆ ಒಳಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ ಇದ್ದರೆ, ರಕ್ತದಲ್ಲಿ ಇರುವುದು 3.5ರಿಂದ 5 ಮಾತ್ರ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನ ಶೇಕಡ 98ರಷ್ಟು ಕೋಶಗಳ ಒಳಗೇ ಇದೆ.

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟನ್ನು ನೀವು ನೋಡಿದ್ದೀರಿ. ಒಂದು ಕಡೆ ನೀರು ಎತ್ತರದಲ್ಲಿ ನಿಂತಿದೆ, ಇನ್ನೊಂದು ಕಡೆ ತಗ್ಗು. ಆ ಎತ್ತರವೇ ಶಕ್ತಿ. ಗೇಟು ತೆರೆದಾಗ ಕಾಲುವೆ ಹರಿಯುತ್ತದೆ, ವಿದ್ಯುತ್ ಹುಟ್ಟುತ್ತದೆ. ಜೀವಕೋಶವೂ ಹೀಗೆಯೇ. ಪೊರೆಯಲ್ಲಿರುವ ಒಂದು ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಇದನ್ನು 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೌ ಕಂಡುಹಿಡಿದರು. 40 ವರ್ಷಗಳ ನಂತರ, 1997ರಲ್ಲಿ, ಅವರಿಗೆ ನೊಬೆಲ್ ಬಂತು. ಹೀಗೆ ತುಂಬಿಟ್ಟ ಜಲಾಶಯಕ್ಕೆ ಗೇಟುಗಳು ಬೇಕಲ್ಲವೇ? ಆ ಗೇಟುಗಳೇ ಅಯಾನು ಕಾಲುವೆಗಳು, ಅಂದರೆ ಪೊರೆಯನ್ನು ತೂರಿ ನಿಂತ ಪ್ರೋಟೀನ್ ಕೊಳವೆಗಳು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ಇಡೀ ಅಚ್ಚುಕಟ್ಟಿನ ರೈತರು ನಿದ್ದೆಗೆಟ್ಟರು. ಮೈಯೊಳಗಿನ ಗೇಟುಗಳೂ ಹಾಗೆಯೇ. ಪೊಟ್ಯಾಸಿಯಂ ಕಾಲುವೆಗಳಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಹೃದಯದ ಲಯ ತಪ್ಪುವ ಕಾಯಿಲೆ ಬರಬಹುದು. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುವ ಅಪಾಯವಿದೆ. ಡಾಕ್ಟರು ಕಿಡ್ನಿ ರೋಗಿಗಳಿಗೆ ಎಳನೀರು ಬೇಡ, ಬಾಳೆಹಣ್ಣು ಬೇಡ ಎನ್ನುವುದು ಈ ಕಾರಣಕ್ಕೆ. ಅದೇ ವಾಂತಿ ಭೇದಿಯಾದಾಗ ಪೊಟ್ಯಾಸಿಯಂ ಕಳೆದುಹೋಗುತ್ತದೆ; ಆಗ ಕೊಡುವ ಓಆರ್‌ಎಸ್ ಪುಡಿಯಲ್ಲಿ ಅಡುಗೆ ಉಪ್ಪಿನ ಜೊತೆ ಲೀಟರಿಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮನೆಯಲ್ಲಿ ಬರೀ ಉಪ್ಪು ಸಕ್ಕರೆ ಕಲಸಿದರೆ ಈ ಭಾಗ ಬಿಟ್ಟುಹೋಗುತ್ತದೆ ಎಂಬುದನ್ನು ತಾಯಂದಿರು ನೆನಪಿಡಬೇಕು.

ಒಗಟು

ಈಗ ಒಗಟಿಗೆ ಬರೋಣ. ಕಣದಲ್ಲಿ ಜೋಳ ಸೋಸುವ ಜರಡಿ ಏನು ಮಾಡುತ್ತದೆ? ಚಿಕ್ಕದನ್ನು ಕೆಳಗೆ ಬಿಡುತ್ತದೆ, ದೊಡ್ಡದನ್ನು ಮೇಲೆ ಉಳಿಸುತ್ತದೆ. ಜಗತ್ತಿನ ಎಲ್ಲ ಜರಡಿಗಳೂ ಹೀಗೆಯೇ.

ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಂ. ಸೋಡಿಯಂನದು 0.95. ಒಂದು ಆಂಗ್‌ಸ್ಟ್ರಾಂ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಎರಡಕ್ಕೂ ಒಂದೇ ಧನ ವಿದ್ಯುದಂಶ. ಅಂದಮೇಲೆ ಪೊಟ್ಯಾಸಿಯಂ ತೂರುವ ಕೊಳವೆಯಲ್ಲಿ ಅದಕ್ಕಿಂತ ಚಿಕ್ಕದಾದ ಸೋಡಿಯಂ ಸಲೀಸಾಗಿ ತೂರಬೇಕು. ಆದರೆ ಆಗುವುದು ತಿರುಗುಮುರುಗು. ಪೊಟ್ಯಾಸಿಯಂ ಕಾಲುವೆಯಲ್ಲಿ ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಒಂದು ಸೋಡಿಯಂ ದಾಟಬಹುದು, ಅಷ್ಟೇ. ಇಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡುವ ಬಾಗಿಲಲ್ಲಿ ಸಾಲು ನಿಧಾನವಾಗಬೇಕಿತ್ತು. ಅದೂ ಇಲ್ಲ. ಸೆಕೆಂಡಿಗೆ ಹತ್ತು ಕೋಟಿಯ ಹತ್ತಿರ ಅಯಾನುಗಳು ದಾಟಬಲ್ಲವು. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುವ, ಆದರೂ ವೇಗ ಕುಂದದ ಈ ಜರಡಿ ಎಂಥದು?

ಪ್ರೋಟೀನು ಸಾವಿರಾರು ಪರಮಾಣುಗಳ ಗೋಜಲು. ಅದರೊಳಗೆ ಯಾವ ಪರಮಾಣು ಯಾವ ಕೆಲಸ ಮಾಡುತ್ತಿದೆ ಎಂದು ಹೇಳುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಆಗ ರಸಾಯನ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಅದೇ ಕೆಲಸ ಮಾಡುವ ಚಿಕ್ಕ ಅಣುವನ್ನು ನಾವೇ ಮಾಡೋಣ. ಅದರಲ್ಲಿ ಒಂದು ಪರಮಾಣು ಬದಲಿಸಿ ಏನಾಗುತ್ತದೆ ನೋಡೋಣ. ಕಟ್ಟಿದ್ದು ಕೆಲಸ ಮಾಡಿದರೆ ನಮ್ಮ ತಿಳಿವಳಿಕೆ ಸರಿ; ಮಾಡದಿದ್ದರೆ ಎಲ್ಲೋ ಏನೋ ಬಿಟ್ಟುಹೋಗಿದೆ. ಗಡಿಯಾರ ಬಿಚ್ಚಿದ ಹುಡುಗ ಅದನ್ನು ಮತ್ತೆ ಜೋಡಿಸಿ ನಡೆಸಿದಾಗ ಮಾತ್ರ ಅವನಿಗೆ ಗಡಿಯಾರ ಗೊತ್ತು ಎನ್ನುತ್ತೇವಲ್ಲ, ಹಾಗೆ.

ಸಾವಿರಕ್ಕೆ ನಾಲ್ಕು ಪಾಲಿನ ಕಸ

ಚಾರ್ಲ್ಸ್ ಪೆಡರ್ಸನ್ ಎಂಬವರು 1904ರಲ್ಲಿ ಕೊರಿಯಾದ ಬುಸಾನಿನಲ್ಲಿ ಹುಟ್ಟಿದವರು. ತಂದೆ ನಾರ್ವೆಯವರು, ತಾಯಿ ಜಪಾನಿನವರು. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ದ್ಯುಪಾಂಟ್ ಕಂಪನಿ ಸೇರಿ 42 ವರ್ಷ ಅಲ್ಲಿಯೇ ದುಡಿದರು. ಪಿಎಚ್‌ಡಿ ಮಾಡಲಿಲ್ಲ.

1960ರ ದಶಕದ ಆರಂಭದಲ್ಲಿ ಅವರು ಬೇರೆ ಏನನ್ನೋ ತಯಾರಿಸುತ್ತಿದ್ದರು. ಬೇಕಾದ ವಸ್ತುವಿನ ಜೊತೆ ಬೇಡದ ಬಿಳಿ, ರೇಷ್ಮೆಯೆಳೆಯಂಥ ಹರಳು ಒಂದಿಷ್ಟು ಬಂತು. ಒಟ್ಟಿನಲ್ಲಿ ಅದರ ಪಾಲು ಶೇಕಡ 0.4. ಸಾವಿರ ಗ್ರಾಂನಲ್ಲಿ ನಾಲ್ಕು ಗ್ರಾಂ! ಎಂಥವರೂ ಚೆಲ್ಲಿಬಿಡುವ ಕಸ. ಪೆಡರ್ಸನ್ ಚೆಲ್ಲಲಿಲ್ಲ. ಪರೀಕ್ಷಿಸಿ ನೋಡಿದಾಗ ಅದೊಂದು ಉಂಗುರದಂಥ ಅಣು. 18 ಪರಮಾಣುಗಳ ಸುತ್ತಿನಲ್ಲಿ 6 ಆಮ್ಲಜನಕಗಳು ಒಳಮುಖವಾಗಿ ಕುಳಿತಿದ್ದವು. ಲೋಹದ ಅಯಾನು ಅದರ ನಡುವೆ ಕುಳಿತಾಗ ತಲೆಯ ಮೇಲೆ ಕಿರೀಟವಿಟ್ಟಂತೆ ಕಾಣುತ್ತಿತ್ತು. ಅದಕ್ಕೇ ಈ ಬಗೆಯ ಅಣುಗಳಿಗೆ 'ಕ್ರೌನ್ ಈಥರ್' ಎಂದು ಹೆಸರಿಟ್ಟರು. 1967ರಲ್ಲಿ ಈ ಸಂಶೋಧನೆ ಪ್ರಕಟವಾದಾಗ ಅವರಿಗೆ 60 ದಾಟಿತ್ತು. 1987ರಲ್ಲಿ ಡೊನಾಲ್ಡ್ ಕ್ರ್ಯಾಮ್ ಮತ್ತು ಫ್ರಾನ್ಸಿನ ಜಾನ್-ಮರಿ ಲೆನ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು.

ಈ ಉಂಗುರದ ವಿಶೇಷವೇನು? 18 ಪರಮಾಣುಗಳ, 6 ಆಮ್ಲಜನಕಗಳ ಉಂಗುರದ ರಂಧ್ರ ಪೊಟ್ಯಾಸಿಯಂಗೆ ಹೇಳಿ ಮಾಡಿಸಿದಂತಿದೆ. 15 ಪರಮಾಣುಗಳ, 5 ಆಮ್ಲಜನಕಗಳ ಉಂಗುರ ಸೋಡಿಯಂಗೆ ಒಪ್ಪುತ್ತದೆ. 12ರ, 4ರ ಉಂಗುರ ಇನ್ನೂ ಚಿಕ್ಕದಾದ ಲಿಥಿಯಂಗೆ. ಬಳೆಗಾರನ ಹತ್ತಿರ ಕೈಯಳತೆಗೆ ತಕ್ಕ ಬಳೆ ಇದ್ದಂತೆ.

ತರಗತಿಯಲ್ಲಿ ಒಂದು ಪ್ರಯೋಗವನ್ನು ಮನಸ್ಸಿನಲ್ಲೇ ಮಾಡಿ ನೋಡಿ. ಇಂಗ್ಲಿಷಿನ 'ಯು' ಅಕ್ಷರದಂಥ ಗಾಜಿನ ಕೊಳವೆ. ತಳದಲ್ಲಿ ಕ್ಲೋರೋಫಾರಂ, ಅದು ನೀರಿನೊಡನೆ ಬೆರೆಯುವುದಿಲ್ಲ, ನೀರಿಗಿಂತ ಭಾರ. ಎಡಗಡೆ ಪೊಟ್ಯಾಸಿಯಂ ಪಿಕ್ರೇಟ್ ಕರಗಿಸಿದ ಹಳದಿ ನೀರು, ಬಲಗಡೆ ಶುದ್ಧ ನೀರು. ದಿನಗಟ್ಟಲೆ ಕಾದರೂ ಹಳದಿ ಬಣ್ಣ ಬಲಕ್ಕೆ ದಾಟುವುದಿಲ್ಲವೆನ್ನಬಹುದು. ನಡುವಿನ ಕ್ಲೋರೋಫಾರಂಗೆ ಚಿಟಿಕೆಯಷ್ಟು ಕ್ರೌನ್ ಈಥರ್ ಹಾಕಿ. ಮೊದಲು ಕ್ಲೋರೋಫಾರಂ ಹಳದಿಯಾಗುತ್ತದೆ, ಆಮೇಲೆ ಬಲಗಡೆಯ ನೀರೂ ಹಳದಿಯಾಗುತ್ತದೆ. ಉಂಗುರವು ಪೊಟ್ಯಾಸಿಯಂ ಅನ್ನು ಹೊತ್ತು ಎಣ್ಣೆಯಂಥ ಪದರ ದಾಟಿಸಿತು. ಹಿಂದೆಯೇ ಬಣ್ಣದ ಅಯಾನೂ ಬಂತು. ಜೀವಕೋಶದ ಪೊರೆಯ ಅತಿ ಸರಳ ಮಾದರಿ ಇದು. (ಕ್ಲೋರೋಫಾರಂ, ಪಿಕ್ರೇಟು ಎರಡೂ ಅಪಾಯದ ವಸ್ತುಗಳು, ಮನೆಯಲ್ಲಿ ಯಾರೂ ಮಾಡಬೇಡಿ.)

ಹರಿಗೋಲು ಮತ್ತು ಸೇತುವೆ

ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ದಾಟಲು ಹರಿಗೋಲು ಇದೆ. ಅದು ಈ ದಡದಲ್ಲಿ ಜನರನ್ನು ತುಂಬಿಕೊಂಡು ಆ ದಡಕ್ಕೆ ಹೋಗಿ ಇಳಿಸಿ ಖಾಲಿಯಾಗಿ ಮರಳಬೇಕು. ಸೇತುವೆ ಹಾಗಲ್ಲ, ತಾನು ನಿಂತಲ್ಲೇ ನಿಂತಿರುತ್ತದೆ, ಜನ ನಡೆದು ಹೋಗುತ್ತಾರೆ. ಕ್ರೌನ್ ಈಥರ್ ಹರಿಗೋಲಿನ ಜಾತಿಗೆ ಸೇರಿದ್ದು. ಕಾಲುವೆ ಸೇತುವೆಯ ಜಾತಿಗೆ ಸೇರಿದ್ದು.

ನಿಸರ್ಗದಲ್ಲೂ ಎರಡು ಬಗೆ ಇವೆ. ವ್ಯಾಲಿನೊಮೈಸಿನ್ ಎಂಬುದು ಮಣ್ಣಿನ ಸೂಕ್ಷ್ಮಾಣು ಮಾಡುವ ವಸ್ತು. 1955ರಲ್ಲಿ ಜರ್ಮನಿಯಲ್ಲಿ ಮೊದಲು ಬೇರ್ಪಡಿಸಿದರು. ಅದು 36 ಪರಮಾಣುಗಳ ಉಂಗುರ, ಪೊಟ್ಯಾಸಿಯಂ ಸಿಕ್ಕಾಗ ಮಡಚಿಕೊಂಡು ಅದನ್ನು ಒಡಲಲ್ಲಿಟ್ಟುಕೊಳ್ಳುತ್ತದೆ. ಪೊಟ್ಯಾಸಿಯಂ ಮತ್ತು ಸೋಡಿಯಂ ನಡುವೆ ಅದು ಮಾಡುವ ಆಯ್ಕೆ ಹತ್ತು ಸಾವಿರ ಪಟ್ಟಿನ ಆಸುಪಾಸು. ಆದರೆ ಹರಿಗೋಲಾದ್ದರಿಂದ ನಿಧಾನ. ಗ್ರ್ಯಾಮಿಸಿಡಿನ್ ಎಂಬ ಇನ್ನೊಂದು ವಸ್ತುವನ್ನು 1939ರಲ್ಲಿ ರೆನೆ ಡ್ಯೂಬೋ ಕಂಡುಹಿಡಿದರು. ಅದು ಸುರುಳಿಯಾಗಿ ಕೊಳವೆಯಾಗುತ್ತದೆ. ವೇಗ ಹೆಚ್ಚು, ಆಯ್ಕೆ ಕಡಿಮೆ.

ಯಾವುದು ಹರಿಗೋಲು, ಯಾವುದು ಸೇತುವೆ ಎಂದು ಗುರುತಿಸಿದ ಬಗೆ ಬಹಳ ಜಾಣತನದ್ದು. 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಪೊರೆಯನ್ನು ತಂಪು ಮಾಡಿ ತುಪ್ಪದಂತೆ ಹೆಪ್ಪುಗಟ್ಟಿಸಿದರು. ವ್ಯಾಲಿನೊಮೈಸಿನ್‌ನ ಸಾಗಾಟ ನಿಂತುಹೋಯಿತು. ಗ್ರ್ಯಾಮಿಸಿಡಿನ್‌ನದು ನಡೆದೇ ಇತ್ತು. ಹೊಳೆ ಬತ್ತಿ ಕೆಸರಾದರೆ ಹರಿಗೋಲು ಕದಲದು, ಸೇತುವೆಗೆ ಅದರ ಗೊಡವೆಯಿಲ್ಲ.

ಬೆಂಗಳೂರಿನ ಕೊಡುಗೆ

ಇದೆಲ್ಲ ದೂರದ ದೇಶಗಳ ಕತೆ ಎಂದು ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಅವರು 1971ರಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅಲ್ಲಿ ಕೆ. ಆರ್. ಕೆ. ಈಶ್ವರನ್ ಅವರ ತಂಡ ವ್ಯಾಲಿನೊಮೈಸಿನ್ ಬೇರೆ ಬೇರೆ ಲೋಹದ ಅಯಾನುಗಳನ್ನು ಹಿಡಿದಾಗ ತನ್ನ ಆಕಾರವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತು.

ಅದೇ ವಿಭಾಗದಲ್ಲಿ ಪಿ. ಬಾಲರಾಂ ಅವರು ಹಿಡಿದದ್ದು ಅಲಮೆಥಿಸಿನ್ ಎಂಬ ವಸ್ತುವನ್ನು. ಇದನ್ನು ಮಾಡುವುದು ಟ್ರೈಕೋಡರ್ಮಾ ಎಂಬ ಶಿಲೀಂಧ್ರ. ಈ ಹೆಸರು ಕುಷ್ಟಗಿಯ ದಾಳಿಂಬೆ ಬೆಳೆಗಾರರಿಗೆ ಹೊಸದಲ್ಲ. ಸೊರಗು ರೋಗ, ಬೇರು ಕೊಳೆ ತಡೆಯಲು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸುವ ಪುಡಿ ಇದೇ ಕುಲದ್ದು. ಅಲಮೆಥಿಸಿನ್ ಒಂದು ಪುಟ್ಟ ಕೋಲಿನಂಥ ಸುರುಳಿ. ಹಲವು ಕೋಲುಗಳು ಪೊರೆಯಲ್ಲಿ ಪೀಪಾಯಿಯ ಹಲಗೆಗಳಂತೆ ಸುತ್ತ ನಿಂತಾಗ ನಡುವೆ ದಾರಿಯಾಗುತ್ತದೆ.

ಬಾಲರಾಂ ಅವರ ತಂಡ ಈ ಅಣುವಿನ ತುಂಡುಗಳನ್ನು ಪ್ರಯೋಗಾಲಯದಲ್ಲಿ ಜೋಡಿಸಿ ತಯಾರಿಸಿತು. ಎಷ್ಟು ಉದ್ದವಿದ್ದರೆ ಕೆಲಸ ಮಾಡುತ್ತದೆ, ಯಾವ ಅಮೈನೋ ಆಮ್ಲ ಸುರುಳಿಯನ್ನು ಬಿಗಿಯಾಗಿ ಇಡುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿತು. ಆರ್. ನಾಗರಾಜ್, ಎಂ. ಕೆ. ಮ್ಯಾಥ್ಯೂ ಆ ತಂಡದಲ್ಲಿದ್ದರು. ಅವರ ಪ್ರಬಂಧಗಳು 1981ರಲ್ಲಿ ಹೊರಬಂದವು. ಮುಂದೆ 1991ರಲ್ಲಿ ಇಸಬೆಲ್ಲಾ ಕಾರ್ಲ್ ಎಂಬ ಅಮೆರಿಕದ ಹಿರಿಯ ವಿಜ್ಞಾನಿಯೊಂದಿಗೆ ಸೇರಿ ಜರ್ವಮೈಸಿನ್ ಎಂಬ ಸೋದರ ಅಣುವಿನ ಹರಳಿನ ರಚನೆಯನ್ನು ಪ್ರಕಟಿಸಿದರು. ಕೊಳವೆಯ ಒಳಗೆ ನೀರು ಹೇಗೆ ಕುಳಿತಿದೆ, ಒಂದು ಗ್ಲುಟಮಿನ್ ತನ್ನ ತೋಳು ಚಾಚಿ ಹೇಗೆ ಬಾಗಿಲಿನಂತೆ ಅಡ್ಡವಾಗಬಹುದು ಎಂದು ಅದರಲ್ಲಿ ತೋರಿಸಿದರು. ಬಾಲರಾಂ 2005ರಿಂದ 2014ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು.

ಒಂದು ಮಾತು ಸ್ಪಷ್ಟವಾಗಿರಲಿ. ಅಲಮೆಥಿಸಿನ್, ಜರ್ವಮೈಸಿನ್‌ಗಳು ಪೊಟ್ಯಾಸಿಯಂ ಅನ್ನೇ ಆರಿಸಿ ಬಿಡುವ ಬಾಗಿಲುಗಳಲ್ಲ. ಬಾಗಿಲು ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ತೆರೆಯುತ್ತದೆ ಎಂಬುದನ್ನು ಅವು ಕಲಿಸಿದವು. ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು.

ಕೈಯಿಂದ ಕಟ್ಟಿದ ಸೇತುವೆಗಳು

1982ರಲ್ಲಿ ಜಪಾನಿನ ಇವಾವೊ ತಬುಶಿ ಅವರು ಪಿಷ್ಟದಿಂದ ಸಿಗುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರಕ್ಕೆ ಜಿಡ್ಡಿನ ಬಾಲಗಳನ್ನು ಕಟ್ಟಿ ಪೊರೆಯಲ್ಲಿ ನಿಲ್ಲಿಸಿದರು. ಪೂರ್ತಿಯಾಗಿ ಮನುಷ್ಯ ಮಾಡಿದ ಅಯಾನು ದಾರಿಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸುತ್ತಾರೆ. ಅಮೆರಿಕದ ಜಾರ್ಜ್ ಗೋಕಲ್ ಮೂರು ಕ್ರೌನ್ ಉಂಗುರಗಳನ್ನು ಸರಪಳಿಯಿಂದ ಜೋಡಿಸಿದರು. ಪೊರೆಯ ಎರಡು ಮುಖಗಳಲ್ಲಿ ಒಂದೊಂದು, ನಡುವೆ ಇನ್ನೊಂದು. ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವಂತೆ ಅಯಾನು ಉಂಗುರದಿಂದ ಉಂಗುರಕ್ಕೆ ಜಿಗಿಯುತ್ತದೆ. 1993ರಲ್ಲಿ ರೆಜಾ ಘದಿರಿ ಅವರ ತಂಡ ಪೆಪ್ಟೈಡ್ ಬಿಲ್ಲೆಗಳನ್ನು ಒಂದರ ಮೇಲೊಂದು ತಾವಾಗಿಯೇ ಜೋಡಿಕೊಳ್ಳುವಂತೆ ಮಾಡಿ ಕೊಳವೆ ಕಟ್ಟಿತು. ಮರುವರ್ಷ ಆ ಕೊಳವೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಎರಡೂ ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಹರಿಯುವುದನ್ನು ತೋರಿಸಿತು. ವೇಗ ಸಿಕ್ಕಿತು. ಆದರೆ ಎರಡೂ ಹರಿದವು!

ವ್ಯಾಲಿನೊಮೈಸಿನ್‌ಗೆ ಆಯ್ಕೆ ಗೊತ್ತು, ವೇಗ ಗೊತ್ತಿಲ್ಲ. ಪೆಪ್ಟೈಡ್ ಕೊಳವೆಗೆ ವೇಗ ಗೊತ್ತು, ಆಯ್ಕೆ ಗೊತ್ತಿಲ್ಲ. ಜೀವಕೋಶಕ್ಕೆ ಎರಡೂ ಗೊತ್ತು. ಬಿಗಿಯಾಗಿ ಹಿಡಿದುಕೊಂಡರೆ ಬಿಡುವುದು ತಡ. ಸಡಿಲ ಬಿಟ್ಟರೆ ಎಲ್ಲರೂ ನುಗ್ಗುತ್ತಾರೆ. ಇದು ಮಾದರಿಗಳನ್ನು ಕಟ್ಟಿದ್ದರಿಂದಲೇ ಇಷ್ಟು ಸ್ಪಷ್ಟವಾಗಿ ಎದ್ದು ಕಂಡ ತೊಡಕು.

ಒಗಟು ಬಿಡಿಸಿದ ವೈದ್ಯ

ರಾಡ್ರಿಕ್ ಮ್ಯಾಕಿನನ್ ಅಮೆರಿಕದಲ್ಲಿ ಡಾಕ್ಟರಿಕೆ ಓದಿದವರು. ರೋಗಿಗಳನ್ನು ನೋಡುವುದನ್ನು ಬಿಟ್ಟು, ಹಿಂದೆ ತಮಗೆ ಪಾಠ ಹೇಳಿದ್ದ ಕ್ರಿಸ್ ಮಿಲ್ಲರ್ ಅವರ ಪ್ರಯೋಗಾಲಯಕ್ಕೆ ಮರಳಿ ಪೊಟ್ಯಾಸಿಯಂ ಕಾಲುವೆಯ ಬೆನ್ನು ಹತ್ತಿದರು. ಕಾಲುವೆಯನ್ನು ಕಣ್ಣಾರೆ ನೋಡಬೇಕೆಂದರೆ ಎಕ್ಸ್-ರೇ ಹರಳು ವಿಜ್ಞಾನ ಬೇಕು. ಅದು ಅವರಿಗೆ ಬರುತ್ತಿರಲಿಲ್ಲ. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಅದನ್ನು ಮೊದಲಿನಿಂದ ಕಲಿತರು. ಕೆಲಸ ಕೈಗೂಡಲಾರದೆಂದು ಜೊತೆಗೆ ಬರುವವರು ಕಡಿಮೆ; ರಸಾಯನ ಶಾಸ್ತ್ರ ಓದಿದ ಅವರ ಪತ್ನಿಯೇ ಪ್ರಯೋಗಾಲಯದಲ್ಲಿ ಕೈಜೋಡಿಸಿದರು. 1998ರ ಏಪ್ರಿಲಿನಲ್ಲಿ ಮಣ್ಣಿನ ಒಂದು ಸೂಕ್ಷ್ಮಾಣುವಿನ ಪೊಟ್ಯಾಸಿಯಂ ಕಾಲುವೆಯ ಚಿತ್ರ ಪ್ರಕಟವಾಯಿತು. ಐದೇ ವರ್ಷದಲ್ಲಿ, 2003ರಲ್ಲಿ, ನೀರಿನ ಕಾಲುವೆ ಕಂಡುಹಿಡಿದ ಪೀಟರ್ ಆಗ್ರೆ ಅವರ ಜೊತೆ ರಸಾಯನ ಶಾಸ್ತ್ರದ ನೊಬೆಲ್ ಬಂತು.

ಚಿತ್ರ ಹೇಳಿದ್ದೇನು? ಅಯಾನು ನೀರಿನಲ್ಲಿ ಎಂದೂ ಒಂಟಿಯಾಗಿರುವುದಿಲ್ಲ. ಸುತ್ತ ನೀರಿನ ಅಣುಗಳನ್ನು ಚಾದರದಂತೆ ಹೊದ್ದಿರುತ್ತದೆ. ಕಾಲುವೆಯ ಅತಿ ಕಿರಿದಾದ ಭಾಗ ಬರೀ 12 ಆಂಗ್‌ಸ್ಟ್ರಾಂ ಉದ್ದ. ಅಲ್ಲಿ ಚಾದರ ಹೊದ್ದು ನುಗ್ಗಲಾಗದು, ಕಳಚಬೇಕು. ಕಳಚುವುದು ಸುಲಭವಲ್ಲ, ಅದಕ್ಕೆ ಶಕ್ತಿ ತೆರಬೇಕು. ಆದರೆ ಆ ಕಿರಿದಾರಿಯ ಗೋಡೆಯಲ್ಲಿ ಆಮ್ಲಜನಕಗಳು ಸಾಲಾಗಿ ನಿಂತಿವೆ. ಒಂದೊಂದು ತಾಣದಲ್ಲೂ ಪೊಟ್ಯಾಸಿಯಂ ಸುತ್ತ ಎಂಟು ಆಮ್ಲಜನಕ. ನೀರಿನಲ್ಲಿ ಎಷ್ಟು ದೂರದಲ್ಲಿ ಆಮ್ಲಜನಕವಿತ್ತೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಕಳಚಿದ ಚಾದರಕ್ಕೆ ಬದಲಾಗಿ ಅಂಥದೇ ಚಾದರ ಸಿಕ್ಕಿತು, ಪೊಟ್ಯಾಸಿಯಂಗೆ ನಷ್ಟವಿಲ್ಲ.

ಸೋಡಿಯಂ ಚಿಕ್ಕದು. ಚಿಕ್ಕದಾದ್ದರಿಂದಲೇ ಅದರ ವಿದ್ಯುದಂಶದ ಸೆಳೆತ ಗಟ್ಟಿ, ನೀರನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಬಾಗಿಲಲ್ಲಿ ಆ ಚಾದರ ಕಳಚಿದರೆ ಒಳಗಿನ ಆಮ್ಲಜನಕಗಳು ಅದಕ್ಕೆ ದೂರವಾಗುತ್ತವೆ, ಮೈಗೆ ತಾಗುವುದಿಲ್ಲ. ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ. ಹಾಗಾಗಿ ಅದು ಹೊರಗೇ ಉಳಿಯುತ್ತದೆ. ಜರಡಿಯ ಒಗಟಿಗೆ ಉತ್ತರ ಇಷ್ಟೇ: ಕಾಲುವೆ ಅಳೆಯುವುದು ಅಯಾನಿನ ಗಾತ್ರ ಒಂದನ್ನೇ ಅಲ್ಲ, ಚಾದರದ ಲೇವಾದೇವಿಯನ್ನು.

ವೇಗ ಹೇಗೆ? ಕಿರಿದಾರಿಯಲ್ಲಿ ಒಂದೇ ಅಲ್ಲ, ಒಂದಕ್ಕಿಂತ ಹೆಚ್ಚು ಪೊಟ್ಯಾಸಿಯಂ ಸಾಲಾಗಿ ನಿಂತಿರುತ್ತವೆ. ಸಮಾನ ವಿದ್ಯುದಂಶಗಳು ಒಂದನ್ನೊಂದು ತಳ್ಳುತ್ತವೆ. ಹಿಂದಿನಿಂದ ಹೊಸದೊಂದು ಬಂದರೆ ಮುಂದಿನದು ಹೊರಬೀಳುತ್ತದೆ. ಬಿಗಿಯಾಗಿ ಹಿಡಿಯುವ ತಾಣವೇ ಆದರೂ ಹಿಂದಿನವರ ನೂಕು ಅದನ್ನು ನಿಲ್ಲಗೊಡುವುದಿಲ್ಲ. ಸಾಲಿನಲ್ಲಿ ಎರಡು ಪೊಟ್ಯಾಸಿಯಂ ನಡುವೆ ನೀರಿನ ಅಣು ಇರುತ್ತದೆಯೇ ಇಲ್ಲವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಕಿರೀಟದ ಉಂಗುರವನ್ನು ನೆನೆಯಿರಿ. ಪೆಡರ್ಸನ್ ಅವರ ಉಂಗುರದಲ್ಲೂ ಆಮ್ಲಜನಕಗಳು ನೀರಿನ ಜಾಗ ತುಂಬಿದ್ದವು. ಕಾಲುವೆಯ ಚಿತ್ರ ಬರುವುದಕ್ಕೆ 31 ವರ್ಷ ಮೊದಲೇ ಉತ್ತರದ ಅರ್ಧ ಭಾಗ ಒಂದು ಬಾಟಲಿಯಲ್ಲಿ ಕುಳಿತಿತ್ತು. ಚಿತ್ರ ಬಂದ ಮೇಲೆ ಮಾದರಿ ಕಟ್ಟುವವರಿಗೂ ದಾರಿ ಕಂಡಿತು. 2016ರಲ್ಲಿ ಫ್ರಾನ್ಸಿನ ಮಿಹಾಯಿಲ್ ಬಾರ್ಬೊಯು ಅವರ ತಂಡ ಸೋಡಿಯಂಗೆ ಒಪ್ಪುವ 15ರ ಉಂಗುರಗಳನ್ನೇ ಪೊರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಪೊಟ್ಯಾಸಿಯಂ ಅನ್ನು ಎರಡು ಉಂಗುರಗಳ ನಡುವೆ ಹಿಡಿದು ಸಾಗಿಸುವ ಕೃತಕ ಕಾಲುವೆಯನ್ನು ವರದಿ ಮಾಡಿತು. ಆದರೂ ಬಹುಪಾಲು ಕೃತಕ ಕಾಲುವೆಗಳ ಆಯ್ಕೆ ಹತ್ತಾರು ಪಟ್ಟಿನಲ್ಲೇ ನಿಂತಿದೆ. ಜೀವಕೋಶದ ಹತ್ತು ಸಾವಿರ ಇನ್ನೂ ದೂರ. ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಪುಣೆಯ ಐಸರ್ ಸಂಸ್ಥೆಯಲ್ಲಿ ಪಿನಾಕಿ ತಾಲೂಕ್ದಾರ್ ಅವರ ತಂಡ ಕ್ಲೋರೈಡ್ ಸಾಗಿಸುವ ಕೃತಕ ಅಣುಗಳನ್ನು ಮಾಡಿದೆ.

ನಮ್ಮ ಸೀಮೆಗೆ ಇದರಿಂದೇನು?

ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನಂಥ ಊರಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಮೂರು ಉತ್ತರ ಕೊಡುತ್ತೇನೆ.

ಒಂದು, ಆಸ್ಪತ್ರೆ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನಿಮಿಷಗಳಲ್ಲಿ ಹೇಳುವ ಯಂತ್ರಗಳಿವೆ. ಅಂಥ ಬಹಳಷ್ಟು ಯಂತ್ರಗಳ ಕಡ್ಡಿಯ ತುದಿಯಲ್ಲಿ ಒಂದು ತೆಳು ಪೊರೆ, ಆ ಪೊರೆಯಲ್ಲಿ ವ್ಯಾಲಿನೊಮೈಸಿನ್. ಸೋಡಿಯಂ ತುಂಬಿದ ರಕ್ತದಲ್ಲಿ ಅದು ಪೊಟ್ಯಾಸಿಯಂ ಅನ್ನು ಮಾತ್ರ ಗುರುತಿಸುತ್ತದೆ. 1960ರ ದಶಕದ ಹರಿಗೋಲಿನ ಅಭ್ಯಾಸ ಇಂದು ಐಸಿಯುನಲ್ಲಿ ಜೀವ ಉಳಿಸುತ್ತಿದೆ.

ಎರಡು, ಗದ್ದೆ. ಗಂಗಾವತಿ ಕರ್ನಾಟಕದ ಭತ್ತದ ಕಣಜ. ಅದೇ ಅಚ್ಚುಕಟ್ಟಿನಲ್ಲಿ ಹೆಚ್ಚು ನೀರು ನಿಂತು ಸವಳು ಜವಳಾದ ಭೂಮಿಯೂ ಇದೆ. ಸವಳು ನೆಲದಲ್ಲಿ ಸೋಡಿಯಂ ಬೇರಿನೊಳಗೆ ನುಗ್ಗುತ್ತದೆ, ಪೊಟ್ಯಾಸಿಯಂ ಸಮತೋಲ ಕೆಡುತ್ತದೆ, ಪೈರು ಸುಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ನಿರ್ವಹಣೆಯ ಸಂಶೋಧನೆ ನಡೆಯುತ್ತದೆ. ಸೋಡಿಯಂ ಅನ್ನು ಹೊರಗಿಟ್ಟು ಪೊಟ್ಯಾಸಿಯಂ ಉಳಿಸಿಕೊಳ್ಳುವ ತಳಿ ಎಂದರೆ ಒಳ್ಳೆಯ ಬಾಗಿಲುಗಳಿರುವ ತಳಿ ಎಂದೇ ಅರ್ಥ. 1981ರಲ್ಲಿ ಅಲಮೆಥಿಸಿನ್ ತುಂಡುಗಳ ಮೇಲೆ ಕೆಲಸ ಮಾಡಿದ ಮ್ಯಾಥ್ಯೂ ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೇರಳದ ಪೊಕ್ಕಾಳಿ ಭತ್ತ ಉಪ್ಪುನೀರನ್ನು ಹೇಗೆ ತಾಳುತ್ತದೆ ಎಂಬ ಪ್ರಶ್ನೆಗೆ ಇಳಿದರು. ಶಿಲೀಂಧ್ರದ ಅಣುವಿನಿಂದ ಭತ್ತದ ಬೇರಿನವರೆಗೆ ಒಂದೇ ದಾರಿ.

ಮೂರು, ಕೊಳವೆಬಾವಿ. ಯಲಬುರ್ಗಾ, ಕುಷ್ಟಗಿ ಭಾಗದ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲಿನ ಕಂದು ಕಲೆಯನ್ನು, ಬಾಗಿದ ಕಾಲು, ಬಿಗಿದ ಬೆನ್ನನ್ನು ನಾವು ನಮ್ಮ ಓಣಿಗಳಲ್ಲೇ ನೋಡಿದ್ದೇವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ದಟ್ಟವಾಗುತ್ತದೆ. ಕ್ಲೋರೈಡ್, ಬೈಕಾರ್ಬೊನೇಟ್ ತುಂಬಿದ ನೀರಿನಲ್ಲಿ ಚೂರೇ ಇರುವ ಫ್ಲೋರೈಡ್ ಅನ್ನು ಆರಿಸಿ ತೆಗೆಯುವುದು ಹೇಗೆ? ಇದು ಮತ್ತದೇ ಜರಡಿಯ ಪ್ರಶ್ನೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಕೆಲವು ಸೂಕ್ಷ್ಮಾಣುಗಳಲ್ಲಿ ಫ್ಲೋರೈಡ್ ಅನ್ನು ಹೊರಹಾಕುವ ಪ್ರೋಟೀನುಗಳನ್ನು ಕಂಡರು. ಅವು ಫ್ಲೋರೈಡ್‌ಗೆಂದೇ ಇರುವ ಕಾಲುವೆಗಳೆಂದು, ಕ್ಲೋರೈಡಿಗಿಂತ ಫ್ಲೋರೈಡ್ ಅನ್ನು ಹತ್ತು ಸಾವಿರ ಪಟ್ಟಿಗೂ ಮಿಕ್ಕಿ ಆರಿಸುತ್ತವೆಂದು ಮರುವರ್ಷ ತೋರಿಸಿದರು. ಆ ತಂಡದಲ್ಲಿದ್ದವರು ಮ್ಯಾಕಿನನ್ ಅವರ ಗುರು ಕ್ರಿಸ್ ಮಿಲ್ಲರ್! ಇದರಿಂದ ನಾಳೆಯೇ ಊರಿಗೆ ಫಿಲ್ಟರ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಫ್ಲೋರೈಡ್ ನೀರು ಕುಡಿಯದ ಊರಿನವರಿಗಿಂತ ಕುಡಿದ ಊರಿನವರಿಗೆ ಈ ಪ್ರಶ್ನೆಯ ಬಿಸಿ ಹೆಚ್ಚು ಗೊತ್ತು. ಉತ್ತರ ಹುಡುಕುವವರಲ್ಲಿ ನಮ್ಮವರು ಯಾಕಿರಬಾರದು?

ವಿದ್ಯಾರ್ಥಿಗಳೇ, ಹತ್ತನೇ ತರಗತಿ ಕನ್ನಡದಲ್ಲೋ ಉರ್ದುವಿನಲ್ಲೋ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಹೋದವರು ಇಂಗ್ಲಿಷ್ ಪುಸ್ತಕ ಕಂಡು ಮೊದಲ ತಿಂಗಳಲ್ಲೇ ಹಿಂಜರಿಯುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಹೆಣ್ಣುಮಕ್ಕಳ ವಿಷಯದಲ್ಲಿ ಬಸ್ಸಿನ ದಾರಿ, ಹಾಸ್ಟೆಲ್ಲಿನ ಚಿಂತೆ ಇನ್ನೊಂದು. ಪಾಲಕರು, ಸಂಘದ ಹಿರಿಯರು ಮೊದಲು ಇದಕ್ಕೆ ದಾರಿ ಮಾಡಬೇಕು. ಮೊದಲ ಆರು ತಿಂಗಳು ಸಂಜೆ ಹೊತ್ತು ಪಾಠವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಬಿಡಿಸಿ ಹೇಳುವ ಒಬ್ಬ ಶಿಕ್ಷಕರು ಸಿಕ್ಕರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ವಿಷಯ ಅರ್ಥವಾದ ಮೇಲೆ ಪದಗಳು ತಾವಾಗಿ ಬರುತ್ತವೆ. 'ಆಲ್ಕಲಿ' ಎಂಬ ಪದವೇ ಅರಬ್ಬಿಯಿಂದ ಹೊರಟು ಎಷ್ಟೋ ಭಾಷೆಗಳನ್ನು ದಾಟಿ ನಿಮ್ಮ ಪುಸ್ತಕಕ್ಕೆ ಬಂದಿದೆ. ಜ್ಞಾನಕ್ಕೆ ಒಂದೇ ಭಾಷೆಯ ಹಂಗಿಲ್ಲ.

ನಿಮ್ಮಿಂದ ನಾನು ಕೇಳುವುದು ಒಂದೇ. ಮುಂದಿನ ಬಾರಿ ಪ್ರಯೋಗಾಲಯದಲ್ಲಿ ಪುಸ್ತಕ ಹೇಳಿದ್ದಕ್ಕಿಂತ ಬೇರೆ ಏನಾದರೂ ಬಂದರೆ ಅದನ್ನು ಚೆಲ್ಲುವ ಮುಂಚೆ ಗುರುಗಳಿಗೆ ತೋರಿಸಿ, 'ಇದು ಯಾಕೆ ಹೀಗಾಯಿತು ಸರ್?' ಎಂದು ಕೇಳಿ. ಗುರುಗಳೂ ಸಿಟ್ಟಾಗದೆ ಐದು ನಿಮಿಷ ಕೊಡಿ.